ಜ್ವರವಿಲ್ಲದ ಮಗುವಿಗೆ ಪ್ಯಾರಾಸಿಟಮಾಲ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು 28 ವಾರಕ್ಕೇ ಹುಟ್ಟಿದಳು. ಐದು ದಿನದಿಂದ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ಐಸಿಯು) ಇದ್ದಾಳೆ. ಎಕೋ (ಹೃದಯದ ಸ್ಕ್ಯಾನ್) ಮಾಡಿ, ಹೃದಯದ ಹತ್ತಿರದ ನಾಳ ಮುಚ್ಚಿಲ್ಲ, ಪಿಡಿಎ ಎಂದರು. ಈಗ ಪ್ಯಾರಾಸಿಟಮಾಲ್ ಕೊಡುತ್ತಿದ್ದಾರೆ. ಜ್ವರವೇ ಇಲ್ಲ! ಬಸುರಿಯಾಗಿದ್ದಾಗ ನಾನೇ ಏನಾದರೂ ತಪ್ಪು ಮಾಡಿದೆನಾ?

ಉತ್ತರ (ಮಕ್ಕಳ ತಜ್ಞೆ): ಇಲ್ಲಮ್ಮ, ನಿಮ್ಮ ತಪ್ಪಲ್ಲ. ಹೊಟ್ಟೆಯೊಳಗಿನ ಎಲ್ಲ ಮಕ್ಕಳಿಗೂ ಆ ನಾಳ ಇರಲೇಬೇಕು. ಅಲ್ಲಿ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ನೀರು ತುಂಬಿರುತ್ತದೆ. ಆಮ್ಲಜನಕ ಕೊಡುವುದು ಮಾಸು. ಹಾಗಾಗಿ ಶ್ವಾಸಕೋಶದ ಕಡೆ ಹೊರಟ ರಕ್ತದ ಹೆಚ್ಚಿನ ಪಾಲು ಈ ಅಡ್ಡದಾರಿಯಲ್ಲಿ ಮಹಾಪಧಮನಿಗೆ, ಅಂದರೆ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳಕ್ಕೆ, ಹೋಗುತ್ತದೆ.

ನಾಳದ ಗೋಡೆಯಲ್ಲಿ ಸ್ನಾಯು ಇದೆ. ಅದನ್ನು ಸಡಿಲವಾಗಿ ಇಡುವುದು ಪ್ರೊಸ್ಟಗ್ಲ್ಯಾಂಡಿನ್ ಇ2 ಎಂಬ ರಾಸಾಯನಿಕ. ಮಾಸು ಅದನ್ನು ಧಾರಾಳವಾಗಿ ಕೊಡುತ್ತದೆ. ಅದನ್ನು ಒಡೆದು ಹಾಕುವ ಕೆಲಸ ಶ್ವಾಸಕೋಶದ್ದು. ಅಲ್ಲಿಗೆ ರಕ್ತ ಹೋಗುವುದೇ ಕಡಿಮೆ ಅಲ್ವಾ, ಹಾಗಾಗಿ ಅದು ರಕ್ತದಲ್ಲೇ ಉಳಿಯುತ್ತದೆ.

ಹುಟ್ಟಿದ ಕೂಡಲೇ ಇದೆಲ್ಲ ತಿರುಗುಮುರುಗು. ಹೊಕ್ಕುಳಬಳ್ಳಿ ಕತ್ತರಿಸಿದರೆ ಮಾಸಿನಿಂದ ಬರುತ್ತಿದ್ದದ್ದು ನಿಂತಿತು. ಉಸಿರು ಶುರುವಾದರೆ ನೈಟ್ರಿಕ್ ಆಕ್ಸೈಡ್ ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಿಸುತ್ತದೆ, ರಕ್ತ ನುಗ್ಗುತ್ತದೆ, ಉಳಿದ ಪ್ರೊಸ್ಟಗ್ಲ್ಯಾಂಡಿನ್ ಅಲ್ಲೇ ಮುಗಿಯುತ್ತದೆ. ಜೊತೆಗೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ. ಇಷ್ಟು ವರ್ಷವಾದರೂ ನನಗೆ ಬೆರಗು ಇದೇ: ಅದೇ ಆಮ್ಲಜನಕ ಶ್ವಾಸಕೋಶದ ನಾಳಗಳನ್ನು ಬಿಚ್ಚುತ್ತದೆ, ಪಕ್ಕದಲ್ಲೇ ಇರುವ ಈ ನಾಳವನ್ನು ಬಿಗಿಯುತ್ತದೆ. ಇಲ್ಲಿನ ಸ್ನಾಯುಕೋಶಗಳಲ್ಲಿ ಅದು ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚಿಸುತ್ತದೆ. ಆಗ ಕ್ಯಾಲ್ಸಿಯಂ ಒಳಬಂದು ಸ್ನಾಯು ಹಿಂಡಿಕೊಳ್ಳುತ್ತದೆ. ತುಂಬು ತಿಂಗಳ ಮಗುವಿನಲ್ಲಿ ಸಾಮಾನ್ಯವಾಗಿ ಮೂರು ದಿನದೊಳಗೆ ನಾಳ ಮುಚ್ಚುತ್ತದೆ.

ನಿಮ್ಮ ಮಗಳ ನಾಳ ಇನ್ನೂ ಎಳೆಯದು. ಆಮ್ಲಜನಕಕ್ಕೆ ಅಷ್ಟು ಬಗ್ಗುವುದಿಲ್ಲ, ಪ್ರೊಸ್ಟಗ್ಲ್ಯಾಂಡಿನ್‌ಗೆ ಜಾಸ್ತಿ ಬಗ್ಗುತ್ತದೆ. ಪ್ಯಾರಾಸಿಟಮಾಲ್ ಆ ಪ್ರೊಸ್ಟಗ್ಲ್ಯಾಂಡಿನ್ ತಯಾರಿಯನ್ನೇ ತಗ್ಗಿಸುತ್ತದೆ. 1976ರಲ್ಲಿ ಇದೇ ಉಪಾಯಕ್ಕೆ ಇಂಡೊಮೆಥಾಸಿನ್ ಎಂಬ ಔಷಧಿ ಬಳಸಿದ ವರದಿಗಳು ಬಂದವು, ಆಮೇಲೆ ಐಬುಪ್ರೊಫೆನ್ ಬಂತು. ಕೆಲವು ಮಕ್ಕಳಲ್ಲಿ ಔಷಧಿ ಕೊಡದೆ ಕಾಯುತ್ತೇವೆ. ತಾನಾಗಿಯೇ ಮುಚ್ಚುವುದೂ ಉಂಟು.

ಇನ್ನೊಬ್ಬರ ಪ್ರಶ್ನೆ: ನನ್ನ ತಂಗಿಯ ಮಗು ಎರಡನೇ ದಿನ ನೀಲಿಯಾಯಿತು. ಅದೇ ನಾಳ ತೆರೆದಿರಲಿ ಎಂದು ಡ್ರಿಪ್ ಹಾಕಿದ್ದರು. ಒಂದು ಮಗುವಿಗೆ ಮುಚ್ಚಬೇಕು, ಇನ್ನೊಂದಕ್ಕೆ ತೆರೆಯಬೇಕು?

ಉತ್ತರ: ಹೌದು. ಕೆಲವು ಮಕ್ಕಳಿಗೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯೇ ಬೆಳೆದಿರುವುದಿಲ್ಲ. ಆಗ ರಕ್ತ ಈ ನಾಳದಿಂದ ಹಿಮ್ಮುಖವಾಗಿ ಶ್ವಾಸಕೋಶ ತಲುಪಬೇಕು. ಅದು ಮುಚ್ಚುತ್ತಾ ಬಂದಂತೆ ಮಗು ನೀಲಿಯಾಗುತ್ತದೆ. ಆ ಡ್ರಿಪ್‌ನಲ್ಲಿ ಇದ್ದದ್ದು ನಾಳವನ್ನು ಸಡಿಲಿಸುವ ಪ್ರೊಸ್ಟಗ್ಲ್ಯಾಂಡಿನ್ ಇ1 ಇರಬೇಕು. ಆಪರೇಷನ್ ಅಥವಾ ಸ್ಟೆಂಟ್ ಆಗುವವರೆಗೆ ಅದೇ ಜೀವ ಕಾಯುತ್ತದೆ. ಅದರಿಂದ ಉಸಿರು ನಿಲ್ಲಬಹುದು, ಅದಕ್ಕೇ ಮಗುವಿನ ಪಕ್ಕ ಯಾರಾದರೂ ಕಾಯುತ್ತಲೇ ಇರುತ್ತಾರೆ.

ಮತ್ತೊಬ್ಬರು: ನನಗೆ ಎಂಟನೇ ತಿಂಗಳು. ಬೆನ್ನು ನೋವಿಗೆ ಮನೆಯಲ್ಲಿರುವ ಐಬುಪ್ರೊಫೆನ್ ತಗೊಳ್ಳಬಹುದಾ?

ಉತ್ತರ: ಬೇಡ. ಅದು ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಈ ತಿಂಗಳಲ್ಲಿ ನಾಳ ಒಳಗೇ ಬಿಗಿದುಕೊಳ್ಳಬಹುದು, ಹೃದಯಕ್ಕೆ ಹೊರೆಯಾಗುತ್ತದೆ. 20 ವಾರ ದಾಟಿದ ಮೇಲೆ ಗರ್ಭದ ನೀರು ಕಡಿಮೆಯಾಗುವ ಭಯವೂ ಇದೆ. ಡೈಕ್ಲೋಫಿನಾಕ್‌ಗೂ ಇದೇ ಮಾತು. ನೋವು ಜಾಸ್ತಿಯಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತಗೊಳ್ಳಿ. ಒಂದು ವಿಷಯ ಮಾತ್ರ: ಬಿಪಿಗೆಂದು ಡಾಕ್ಟರೇ ಬರೆದುಕೊಟ್ಟ ಕಡಿಮೆ ಡೋಸಿನ ಆಸ್ಪಿರಿನ್ ಇದ್ದರೆ, ಇದನ್ನು ಓದಿ ಹೆದರಿ ಸುಮ್ನೆ ನಿಲ್ಲಿಸಬೇಡಿ.