ವಾರಕ್ಕೆ ಎರಡು ಡಯಾಲಿಸಿಸ್, ನಡುವೆ ತಲಪಾಡಿ ಗಡಿ: 72 ಗಂಟೆಯ ಲೆಕ್ಕ ಹೇಗೆ ಹಾಕುವುದು?

ಕುಂಬ್ಳೆ ಕೂಸು | 10 ಆಗಸ್ಟ್ 2021

ಗೊತ್ತಿದ್ದವರು ದಯವಿಟ್ಟು ಹೇಳಿ. ಅಪ್ಪನಿಗೆ 68. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬ್ಳೆಯಲ್ಲಿ. ಎರಡು ವರ್ಷದಿಂದ ಗಡಿಯಾಚೆ ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಬೆಳಿಗ್ಗೆ ಏಳಕ್ಕೆ ಮಿಷನ್ನಿಗೆ ಹಾಕಿದರೆ ಹನ್ನೊಂದಕ್ಕೆ ಮುಗಿಯುತ್ತದೆ, ಮಧ್ಯಾಹ್ನದ ಗಂಜಿಗೆ ಮನೆಯಲ್ಲಿರುತ್ತೇವೆ. ಇರುತ್ತಿದ್ದೆವು ಅನ್ನಬೇಕು ಈಗ.

ಈ ತಿಂಗಳು ಒಂದನೇ ತಾರೀಕಿನಿಂದ ಕೇರಳದಿಂದ ಕರ್ನಾಟಕಕ್ಕೆ ಹೋಗುವವರಿಗೆ 72 ಗಂಟೆಯೊಳಗಿನ ಕೊರೊನಾ ಟೆಸ್ಟಿನ (ಆರ್‌ಟಿಪಿಸಿಆರ್) ನೆಗೆಟಿವ್ ರಿಪೋರ್ಟ್ ಬೇಕು, ಲಸಿಕೆ ಎರಡು ಡೋಸ್ ಆದವರಿಗೂ ಬೇಕು. ಸೋಮವಾರ ಸ್ವಾಬ್ ಕೊಟ್ಟು ಮಂಗಳವಾರ ದಾಟಬಹುದು. ಶುಕ್ರವಾರಕ್ಕೆ ಅದೇ ಕಾಗದ ಹಳತು. ಅಪ್ಪನಿಗೆ, ನನಗೆ, ಕಾರಿನ ಡ್ರೈವರಿಗೆ, ತಲಾ 500 ರೂಪಾಯಿ. ವಾರಕ್ಕೆ 3,000 ಬರೀ ಮೂಗಿಗೆ ಕಡ್ಡಿ ಹಾಕಿಸಲಿಕ್ಕೆ! ಸರ್ಕಾರಿ ಕ್ಯಾಂಪಿನಲ್ಲಿ ದುಡ್ಡಿಲ್ಲ ಸರಿ, ಆದರೆ ರಿಪೋರ್ಟ್ ಯಾವಾಗ ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ಕಳೆದ ಶುಕ್ರವಾರ ಗಡಿಯಲ್ಲಿ ಒಂದೂವರೆ ಗಂಟೆ ಕೂತೆವು. ಅಪ್ಪನ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಶಾರ್ಜಾದಲ್ಲಿ ಇರುವ ಅಣ್ಣ ಊರಿಗೆ ಬಂದವನು ವಾಪಸ್ ಹೋಗಲಿಕ್ಕೆ 48 ಗಂಟೆಯ ಪಿಸಿಆರ್ ಮಾಡಿಸುತ್ತಿದ್ದಾನೆ. "ನಾನು ಸಮುದ್ರ ದಾಟುತ್ತೇನೆ, ನೀವು ತೊಕ್ಕೊಟ್ಟು ದಾಟುತ್ತೀರಿ, ಕಾಗದ ಒಂದೇ" ಅಂತ ನಗುತ್ತಾನೆ. ನನಗೆ ನಗು ಬರುವುದಿಲ್ಲ. ಯಾರಾದರೂ ಡಯಾಲಿಸಿಸ್‌ಗೆ ಹೀಗೆ ಹೋಗಿ ಬಂದು ಮಾಡುತ್ತಿದ್ದೀರಾ?

ಉಪ್ಪಳದವ

ಅಕ್ಕ, ಮೊದಲು ಆ ಆದೇಶವನ್ನು ಪೂರ್ತಿ ಓದಿ. ಜುಲೈ 31ರದ್ದು. ಟೀವಿಯವರು 72 ಗಂಟೆಯ ಸಾಲು ಮಾತ್ರ ಓದಿ ಬಿಟ್ಟರು. ಅದರಲ್ಲೇ ಇನ್ನೂ ಎರಡು ವಿಷಯ ಉಂಟು. ಓದು, ವ್ಯಾಪಾರ ಅಂತ ದಿನಾ ಹೋಗಿ ಬರುವವರಿಗೆ 15 ದಿನಕ್ಕೊಂದು ಟೆಸ್ಟ್ ಸಾಕು. ಮನೆಯಲ್ಲಿ ಸಾವು, ಚಿಕಿತ್ಸೆ ಇಂಥ ತುರ್ತು ಇದ್ದರೆ ರಿಪೋರ್ಟ್ ಇಲ್ಲದೆಯೂ ಬಿಡಬೇಕು, ಆಚೆ ಹೋದ ಮೇಲೆ ಸ್ವಾಬ್ ತೆಗೆಯುತ್ತಾರೆ. ಗೇಟಿನಲ್ಲಿ ನಿಂತವರಿಗೆ ಇದು ಗೊತ್ತಿರಬೇಕು ಅಂತ ಇಲ್ಲ, ಡ್ಯೂಟಿ ದಿನಾ ಬದಲಾಗುತ್ತದೆ. ಆದೇಶವನ್ನೇ ಪ್ರಿಂಟ್ ಹಾಕಿಸಿ ಆ ಸಾಲಿಗೆ ಗೆರೆ ಎಳೆದು ಇಟ್ಟುಕೊಳ್ಳಿ. ಮೊಬೈಲಿನಲ್ಲಿ ತೋರಿಸಿದರೆ ಯಾರೂ ಓದುವುದಿಲ್ಲ ಮಾರಾಯ್ರೆ, ಕಾಗದಕ್ಕೆ ಒಂದು ಬೆಲೆ ಬೇರೆ. ಜೊತೆಗೆ ಆಸ್ಪತ್ರೆಯಿಂದ ಒಂದು ಪತ್ರ: ಇಂಥ ರೋಗಿಗೆ ವಾರಕ್ಕೆ ಇಷ್ಟು ಸಲ ಡಯಾಲಿಸಿಸ್ ಆಗಲೇಬೇಕು, ಜೊತೆಗೆ ಒಬ್ಬರು ಬರುತ್ತಾರೆ, ಕಾರಿನ ನಂಬರ್ ಇಂಥದ್ದು ಅಂತ. ಸೀಲ್ ಇರಲಿ.

ಅದೂ ಆಗದಿದ್ದರೆ ಮಂಗಳವಾರ ಡಯಾಲಿಸಿಸ್ ಮುಗಿದ ಮೇಲೆ ಹನ್ನೆರಡು ಗಂಟೆಗೆ ಅಲ್ಲೇ ಸ್ವಾಬ್ ಕೊಡಿ. ಶುಕ್ರವಾರ ಬೆಳಿಗ್ಗೆ ಆರೂವರೆಗೆ 67 ಗಂಟೆಯೂ ಆಗಿರುವುದಿಲ್ಲ. ಶುಕ್ರವಾರ ಕೊಟ್ಟದ್ದು ಮುಂದಿನ ಮಂಗಳವಾರಕ್ಕೆ ಸಾಲದು, ಅದಕ್ಕೆ ಬೇರೆ ದಾರಿ ಇಲ್ಲ.

ಪಂಪ್‌ವೆಲ್ ಪುಟ್ಟ

ಬೇಜಾರು ಮಾಡಬೇಡಿ, ಕೇಳಬೇಕು ಅನಿಸಿತು. ಕೇರಳದಲ್ಲಿ ದಿನಕ್ಕೆ 20 ಸಾವಿರ ಕೇಸ್ ಬರುತ್ತಿದೆ, ದೇಶದ ಅರ್ಧದಷ್ಟು. ಇಲ್ಲಿ ಮಂಗಳೂರಿನವರಿಗೆ ಹೆದರಿಕೆ ಇರುವುದಿಲ್ವಾ? ನಿಮ್ಮದೇ ರಾಜ್ಯದಲ್ಲಿ ಮಾಡಿಸಬಹುದಲ್ಲ.

ಬೇಳದ ಬಟ್ರು

ಪುಟ್ಟಣ್ಣ, ಹೆದರಿಕೆ ಇರಲಿ, ಟೆಸ್ಟ್ ಕೇಳುವುದು ತಪ್ಪು ಅಂತ ನಾನೂ ಹೇಳುವುದಿಲ್ಲ. ಆದರೆ "ನಿಮ್ಮದೇ ರಾಜ್ಯ" ಅಂದರೆ ಎಲ್ಲಿ? ನಮಗೆ ಮಂಗಳೂರು ಒಂದು ಗಂಟೆ. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ಕಾಸರಗೋಡಿನಿಂದ 70 ಕಿ.ಮೀ. ಆಸುಪಾಸು, ನಮ್ಮ ಕಡೆಯಿಂದ ಇನ್ನೂ ದೂರ. ತಿರುವನಂತಪುರದ ಮಾತು ಬಿಡಿ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜು ಅಂತ ಕಲ್ಲು ಹಾಕಿ ವರ್ಷಗಳಾದವು, ಕಟ್ಟಡ ಉಪಯೋಗಕ್ಕೆ ಬಂದದ್ದು ಕಳೆದ ವರ್ಷ ಕೊರೊನಾ ಆಸ್ಪತ್ರೆಯಾಗಿ. ನಮ್ಮಲ್ಲಿ ಹೆರಿಗೆಗೆ ಮಂಗಳೂರು, ಹಾರ್ಟಿಗೆ ಮಂಗಳೂರು, ಮದುವೆ ಸೀರೆಗೂ ಮಂಗಳೂರು. ಅಜ್ಜನ ಕಾಲದಿಂದ ಹಾಗೆ. ಗಡಿ ಬಂದದ್ದು 1956ರಲ್ಲಿ, ಭಾಷೆಯ ಮೇಲೆ ರಾಜ್ಯ ಮಾಡಿದಾಗ.

2020ರ ಮಾರ್ಚ್ ನೆನಪುಂಟಾ? ಗಡಿ ಮುಚ್ಚಲಿಕ್ಕೆ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದದ್ದು? ನಮ್ಮ ಅತ್ತೆಗೆ ಎದೆನೋವು ಬಂದಾಗ ಆಂಬುಲೆನ್ಸ್ ಗಡಿವರೆಗೆ ಹೋಗಿ ತಿರುಗಿ ಬಂತು. ಕಾಸರಗೋಡಿನಲ್ಲಿ ಒಬ್ಬ ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಉಳಿಸಿದರು. ಎಲ್ಲರ ಮನೆಯಲ್ಲೂ ಉಳಿಯಲಿಲ್ಲ. ಆಮೇಲೆ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲ ಆಗಿ ಏಪ್ರಿಲ್ 7ಕ್ಕೆ ಒಂದು ಒಪ್ಪಂದ ಆಯಿತು. ಕೊರೊನಾ ಇಲ್ಲ ಅಂತ ಡಾಕ್ಟರ ಪತ್ರ ಇದ್ದರೆ ತಲಪಾಡಿಯಲ್ಲಿ ಪರೀಕ್ಷೆ ಮಾಡಿ ಬಿಡುವುದು ಅಂತ. ಅದಕ್ಕೆ ಹೋಲಿಸಿದರೆ ಈಗಿನದ್ದು ಎಷ್ಟೋ ವಾಸಿ. ವಾಸಿ ಅಂದೆ, ಸರಿ ಅಂತ ಹೇಳಲಿಲ್ಲ.

ನಾಲ್ಕನೇ ಬೆಡ್

ನಾನು ಡಯಾಲಿಸಿಸ್ ಟೆಕ್ನೀಷಿಯನ್, ಎಲ್ಲಿ ಅಂತ ಬೇಡ. ಮೇಲಿನ ಜಗಳ ಆಮೇಲೆ ಮಾಡಿ. ತಂಗಿ, ಒಂದು ಮಾತು: ಕಾಗದ ಸಿಗಲಿಲ್ಲ ಅಂತ ಡಯಾಲಿಸಿಸ್‌ನ ಒಂದು ಸರದಿ ಬಿಟ್ಟುಬಿಡಬೇಡಿ. ನೀರು ಶ್ವಾಸಕೋಶಕ್ಕೆ ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯ ಹೇಳದೆ ಕೇಳದೆ ನಿಲ್ಲಬಹುದು. ಕಾಲು ಬಾತದ್ದು ಅಂದಿರಲ್ಲ, ಅದಕ್ಕೇ ಹೇಳಿದ್ದು. ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ ಗಡಿಯ ಕಡೆ ನೋಡುವುದೇ ಬೇಡ, ಹತ್ತಿರದ ಆಸ್ಪತ್ರೆಗೆ ನೇರ ಹೋಗಿ.

ಇವತ್ತೇ ಒಂದು ಫೈಲ್ ಮಾಡಿ. ನಿಮ್ಮ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೂ ಡಯಾಲಿಸಿಸ್ ಇದೆ, ಆದರೆ ಬೇರೆ ಕಡೆ ಹೋದರೆ ಮೊದಲು ಕೇಳುವುದು ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ), ಎಚ್‌ಸಿವಿ (ಹೆಪಟೈಟಿಸ್ ಸಿ), ಎಚ್‌ಐವಿ ರಿಪೋರ್ಟ್. ಅದಿಲ್ಲದೆ ಮಿಷನ್ನಿಗೆ ಹಾಕುವುದಿಲ್ಲ. ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಎಷ್ಟು, ಫಿಸ್ಟುಲಾ (ಸೂಜಿ ಹಾಕಲಿಕ್ಕೆ ಜೋಡಿಸಿದ ರಕ್ತನಾಳ) ಯಾವ ಕೈ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಎಷ್ಟು ಅಂತ ಕಳೆದ ಎರಡು ಸರದಿಯ ಚಾರ್ಟ್ ನಕಲು ಕೇಳಿ ತೆಗೆದಿಡಿ. ಗಡಿಯಲ್ಲಿ ಕಾಯುವಾಗ ಬಾಯಾರಿಕೆ ಅಂತ ಬೊಂಡ (ಎಳನೀರು) ಕುಡಿಸಬೇಡಿ. ನೋಡಿದ್ದೇನೆ, ಎಲ್ಲರೂ ಪ್ರೀತಿಯಿಂದಲೇ ಕೊಡುವುದು. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಬಾಳೆಹಣ್ಣೂ ಬೇಡ. ಒಂದು ಗುಟುಕು ನೀರು, ಬಾಯಿ ಒದ್ದೆ ಮಾಡಲಿಕ್ಕೆ, ಅಷ್ಟೇ.

ಪಂಪ್‌ವೆಲ್ ಪುಟ್ಟ

ಬಟ್ರೇ, ಒಪ್ಪಿದೆ. ಅಕ್ಕ, ಈ ಕಡೆ ರಾತ್ರಿ ಉಳಿಯಬೇಕಾಗಿ ಬಂದರೆ ಹೇಳಿ. ನಮ್ಮ ಮನೆಯ ಕೆಳಗಿನ ರೂಮ್ ಖಾಲಿ ಇದೆ, ಮೆಟ್ಟಿಲು ಹತ್ತುವುದು ಬೇಡ.

ಕುಂಬ್ಳೆ ಕೂಸು | 14 ಆಗಸ್ಟ್ 2021

ನಿನ್ನೆ ಹೋಗಿ ಬಂದೆವು. ಆದೇಶಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದ್ದೆ. ಗೇಟಿನಲ್ಲಿ ಇದ್ದವರು ಎರಡು ಸಲ ಓದಿದರು, ಯಾರಿಗೋ ಫೋನ್ ಮಾಡಿದರು, ಅಪ್ಪನ ಕೈಯ ಬ್ಯಾಂಡೇಜ್ ನೋಡಿದರು. ಇಪ್ಪತ್ತು ನಿಮಿಷ ಹಿಡಿಯಿತು. ಅಪ್ಪನಿಗೂ ನನಗೂ ಅಲ್ಲೇ ಸ್ವಾಬ್ ತೆಗೆದರು. ಡ್ರೈವರಿಗೆ ಮಾತ್ರ ರಿಪೋರ್ಟ್ ಬೇಕೇ ಬೇಕು ಅಂದರು, ಪುಣ್ಯಕ್ಕೆ ಅವನ ಹತ್ತಿರ ಇತ್ತು. ಪುಟ್ಟಣ್ಣ, ರೂಮಿನ ಮಾತು ಅಪ್ಪನಿಗೆ ಹೇಳಿದೆ. "ಯಾರವರು, ಯಾವ ಊರಿನವರು" ಅಂತ ಮೂರು ಸಲ ಕೇಳಿದರು.

ಎರಡೂವರೆ ಕಿಲೋ ನೀರು ತೆಗೆದಿದ್ದಾರೆ. ಈಗ ಚಪ್ಪಲಿ ಹಿಡಿಯುತ್ತದೆ. ಬರುವ ದಾರಿಯಲ್ಲಿ ಬೊಂಡ ಕಂಡು ಕಾರು ನಿಲ್ಲಿಸು ಅಂದರು, ನಾನು ಕೇಳಿಸದ ಹಾಗೆ ಕೂತೆ. ಇನ್ನು ಮಂಗಳವಾರ. ಡ್ರೈವರ್ ಇಲ್ಲದೆ ನಾನೇ ಓಡಿಸಿದರೆ ಒಂದು ರಿಪೋರ್ಟ್ ಉಳಿಯುತ್ತದೆ, ಲೈಸನ್ಸ್ ಉಂಟು, ಹೈವೇಯಲ್ಲಿ ಓಡಿಸಿ ಅಭ್ಯಾಸ ಇಲ್ಲ. ನಾಳೆ ಸಂಜೆ ಯಾರಾದರೂ ಬಂದ್ಯೋಡಿನವರೆಗೆ ಪಕ್ಕದಲ್ಲಿ ಕೂರುತ್ತೀರಾ?