ಕಣ್ಣಿಗೆ ಕಾಣದ ವೈಕಲ್ಯ: ಕಚೇರಿಗೆ ಎಷ್ಟು ಹೇಳಬೇಕು?

ಪ್ರಶ್ನೆ – ಹೊಸಕೆರೆಹಳ್ಳಿ ಓದುಗಿ

ನನಗೆ 36 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೆಂದು ಎರಡು ವರ್ಷಗಳ ಹಿಂದೆ ಎಂಆರ್‌ಐಯಲ್ಲಿ ತಿಳಿಯಿತು. ನರಗಳ ಹೊದಿಕೆಗೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾನಿ ಮಾಡುವ ಈ ಕಾಯಿಲೆ ನನ್ನನ್ನು ನೋಡಿದವರಿಗೆ ಕಾಣುವುದಿಲ್ಲ. ಆದರೆ ಮೈ ಬಿಸಿಯಾದರೆ ಕಣ್ಣು ಮಂಜಾಗುತ್ತದೆ, ಕಾಲಿಗೆ ಮರಳಿನ ಚೀಲ ಕಟ್ಟಿದಂತಾಗುತ್ತದೆ. ಕಳೆದ ಏಪ್ರಿಲ್‌ನಲ್ಲಿ ಬಸ್ಸಿನಲ್ಲಿ ವಿಕಲಚೇತನರ ಆಸನದಲ್ಲಿ ಕುಳಿತಿದ್ದಾಗ, ತರಕಾರಿ ಚೀಲ ಹಿಡಿದಿದ್ದ ಹಿರಿಯರೊಬ್ಬರು “ಗಟ್ಟಿಮುಟ್ಟಾಗಿದ್ದೀಯಲ್ಲಮ್ಮ, ಏಳು” ಎಂದರು. ಎದ್ದೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಕಂಬಿ ಹಿಡಿದ ಕೈಯೇ ಸೋತಿತು.

ಕಚೇರಿಯಲ್ಲಿ ಇದುವರೆಗೆ ಹೇಳಿಲ್ಲ. ಹೇಳಿದರೆ ಬಡ್ತಿ ತಪ್ಪೀತೆಂಬ ಭಯ. ಹೇಳದಿದ್ದರೆ ಸೋಮಾರಿಯೆಂಬ ಹೆಸರು. ವೈಕಲ್ಯದ ಪ್ರಮಾಣ 40 ಶೇಕಡಾ ಇಲ್ಲದಿದ್ದರೆ ಕಚೇರಿಯಲ್ಲಿ ಅನುಕೂಲಗಳನ್ನು ಕೇಳುವ ಹಕ್ಕೇ ಇಲ್ಲವೆಂದು ಗೆಳತಿ ಹೇಳುತ್ತಾಳೆ. ಇದು ನಿಜವೇ?

ಉತ್ತರ 1 – ವಕೀಲಿ ವೃತ್ತಿಯವ

ನಿಮ್ಮ ಗೆಳತಿ ಎರಡು ವಿಷಯಗಳನ್ನು ಬೆರೆಸಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 1995ರ ಕಾಯ್ದೆಯ 7 ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿ ಹೆಸರಿನಿಂದಲೇ ಇದೆ. 40 ಶೇಕಡಾ ಎಂಬ ಮಿತಿ ಸರ್ಕಾರಿ ಉದ್ಯೋಗದ 4 ಶೇಕಡಾ ಮೀಸಲಾತಿಯಂಥ ಸೌಲಭ್ಯಗಳಿಗೆ ಸೇರಿದ್ದು. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಅಭ್ಯರ್ಥಿಯೊಬ್ಬರು ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ್ದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನೇ ಬಿಡಿಸಿ ಹೇಳಿತು: ಸೂಕ್ತ ಅನುಕೂಲ, ಅಂದರೆ ವೈಕಲ್ಯಕ್ಕೆ ತಕ್ಕ ಹೊಂದಾಣಿಕೆ, ಪಡೆಯಲು ಆ ಮಿತಿಯನ್ನು ಮುಟ್ಟಿರಬೇಕಾಗಿಲ್ಲ.

ಖಾಸಗಿ ಸಂಸ್ಥೆಗಳೂ ಕಲಂ 21ರ ಪ್ರಕಾರ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ, ವಿಕಲಚೇತನ ನೌಕರರ ವಿಷಯ ನೋಡಿಕೊಳ್ಳುವ ಸಂಪರ್ಕ ಅಧಿಕಾರಿಯ ನೇಮಕವೂ ಆ ನೀತಿಯಲ್ಲಿರಬೇಕೆಂದು 2017ರ ನಿಯಮಗಳು ಹೇಳುತ್ತವೆ. ಮೊದಲು ಅದರ ಪ್ರತಿ ಕೇಳಿ. ಎಷ್ಟೋ ಕಡೆ ನೀತಿಯೇ ಇರುವುದಿಲ್ಲ. ನೀವು ಕೇಳಿದ ಮೇಲೆ ಬರೆಯುತ್ತಾರೆ. ಅದೂ ಲಾಭವೇ.

ಉತ್ತರ 2 – ಒಂಟಿ ಕಿವಿ

ನನಗೆ ಎಡಗಿವಿ ಕೇಳಿಸುವುದಿಲ್ಲ. ಹತ್ತು ವರ್ಷ ಮುಚ್ಚಿಟ್ಟೆ. ಕರೆದರೂ ತಿರುಗದವ ಎಂದು ಸಹೋದ್ಯೋಗಿಗಳು ನನ್ನನ್ನು ಜಂಭದವನೆಂದುಕೊಂಡಿದ್ದರು. ಕೊನೆಗೆ ಬರೆದ ಪತ್ರದಲ್ಲಿ ರೋಗದ ಚರಿತ್ರೆಯಾಗಲಿ ಕ್ಷಮೆಯಾಗಲಿ ಇರಲಿಲ್ಲ, ಬೇಡಿಕೆ ಮಾತ್ರ ಇತ್ತು: “ಸಭೆಯಲ್ಲಿ ಮೇಜಿನ ಎಡತುದಿಯ ಕುರ್ಚಿ ಬೇಕು, ನಿರ್ಣಯಗಳು ಅಂದೇ ಬರಹದಲ್ಲಿ ಬರಬೇಕು.” ವೈದ್ಯರ ಒಂದು ಸಾಲಿನ ಪತ್ರ ಮಾನವ ಸಂಪನ್ಮೂಲ ವಿಭಾಗದಲ್ಲಿದೆ, ತಂಡದವರಿಗೆ ಕುರ್ಚಿಯ ವಿಷಯ ಮಾತ್ರ ಗೊತ್ತು. ನೀವೂ ಹಾಗೆಯೇ ಕೇಳಬಹುದು: ತಂಪಾದ ಜಾಗದಲ್ಲಿ ಆಸನ, ಬಿಸಿಲೇರುವ ಮೊದಲು ಬಂದು ಬೇಗ ಹೊರಡುವ ಅವಕಾಶ, ಬೇಸಿಗೆಯಲ್ಲಿ ವಾರಕ್ಕೆ ಇಷ್ಟು ದಿನ ಮನೆಯಿಂದ ಕೆಲಸ.

ಕಣ್ಣಿಗೆ ಕಾಣದ ವೈಕಲ್ಯವಿದೆಯೆಂದು ಸೂಚಿಸಲು ಧರಿಸುವ ಸೂರ್ಯಕಾಂತಿ ಹೂವಿನ ಕೊರಳಪಟ್ಟಿಯನ್ನೂ ಯಾರಾದರೂ ಹೇಳಿಯಾರು. ಅದು 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಆರಂಭವಾದದ್ದು; ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇದೆ. ಸಿಬ್ಬಂದಿಗೆ ತರಬೇತಿ ಇರುವಲ್ಲಿ ಉಪಯುಕ್ತ. ಮೆಜೆಸ್ಟಿಕ್‌ನ ನೂಕುನುಗ್ಗಲಲ್ಲಿ ಅದು ಯಾರಿಗೆ ಅರ್ಥವಾಗಬೇಕು?

ಉತ್ತರ 3 – ನಿವೃತ್ತ ನಿರ್ವಾಹಕ

ಮೇಡಂ, ಬಸ್ಸಿನಲ್ಲಿ ಜಗಳ ಶುರುವಾದ ಮೇಲೆ ನಿರ್ವಾಹಕನನ್ನು ಕರೆದರೆ ಅವನು ವಯಸ್ಸಾದವರ ಪರ ನಿಲ್ಲುವುದೇ ಹೆಚ್ಚು. ನಾನೂ ನಿಂತಿದ್ದೇನೆ, ಈಗ ಒಪ್ಪಿಕೊಳ್ಳುತ್ತೇನೆ. ಹತ್ತುವಾಗಲೇ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ತೋರಿಸಿ “ನಿಲ್ಲಲಾಗುವುದಿಲ್ಲ” ಎಂದುಬಿಡಿ, ಆಸನ ಬಿಡಿಸುವುದು ಅವನ ಹೊಣೆಯಾಗುತ್ತದೆ. 40 ಶೇಕಡಾಕ್ಕಿಂತ ಕಡಿಮೆ ಇದ್ದವರಿಗೂ ಬಿಳಿ ಪಟ್ಟಿಯ ಕಾರ್ಡ್ ಕೊಡುತ್ತಾರೆ. ಕಾರ್ಡಿಗಾಗಿ ತಪಾಸಣೆಗೆ ಹೋಗುವಾಗ, ಕೈಲಾಗದ ದಿನಗಳು ಹೇಗಿರುತ್ತವೆಂದು ವೈದ್ಯರಿಂದ ಬರೆಸಿಕೊಂಡು ಹೋಗಿ. ನನ್ನ ತಂಗಿಯ ಮಗ ಚೆನ್ನಾಗಿದ್ದ ದಿನ ಹೋಗಿ, ಏನೂ ಇಲ್ಲವೆನ್ನಿಸಿಕೊಂಡು ಬಂದ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ರಾತ್ರಿ ಕುಳಿತು ಪತ್ರ ಬರೆದೆ. ಮೊದಲ ಕರಡಿನಲ್ಲಿ ನಾಲ್ಕು ಕಡೆ “ದಯವಿಟ್ಟು ಕ್ಷಮಿಸಿ” ಇತ್ತು, ನಾಲ್ಕನ್ನೂ ಹೊಡೆದುಹಾಕಿದ್ದೇನೆ. ನೀತಿಯ ಪ್ರತಿಯನ್ನು ಸೋಮವಾರ ಕೇಳುತ್ತೇನೆ.