ಧನುರ್ಮಾಸದ ಭಜನೆ: ಒಲವಿನ ಹಾಡು, ನಂಬಿಕೆಯ ಹಾಡು ಒಟ್ಟಿಗೆ ಹೇಗೆ ಜೋಡಿಸುವುದು?

ಗೆಜ್ಜೆತಾಳ:
ಮಲ್ಲೇಶ್ವರದ ದೇವಸ್ಥಾನವೊಂದರಲ್ಲಿ ಧನುರ್ಮಾಸದ ಬೆಳಗ್ಗೆ ಮುಕ್ಕಾಲು ಗಂಟೆ ಭಜನೆ ಇದೆ. ಹೆಂಗಸರು ಎಂಟು, ಗಂಡಸರು ಐದು. ಹಾರ್ಮೋನಿಯಂ, ಢೋಲಕ್, ತಾಳ ಇವೆ. ದೇವರನ್ನು ನಲ್ಲ ಎಂದು ಒಲಿಯುವ ಹಾಡು, 'ಅವನಿದ್ದಾನೆ, ಹೆದರಬೇಡ' ಎನ್ನುವ ಹಾಡು ಎರಡೂ ಬೇಕು. ಪಟ್ಟಿಯಲ್ಲಿರುವುದು: ಅಕ್ಕಮಹಾದೇವಿಯ 'ಅಕ್ಕ ಕೇಳೌ', ಕನಕದಾಸರ 'ತಲ್ಲಣಿಸದಿರು ಕಂಡ್ಯ', ಪುರಂದರದಾಸರ 'ನಂಬಿ ಕೆಟ್ಟವರಿಲ್ಲವೋ'. ಯಾವುದಾದ ಮೇಲೆ ಯಾವುದು? ಶ್ರುತಿ ಎಷ್ಟು? ಅಭ್ಯಾಸದಲ್ಲಿ ಎಲ್ಲವೂ ಒಂದೇ ಓಟಕ್ಕೆ ಬಂದುಬಿಡುತ್ತಿವೆ.

ಅಂಕಿತಪ್ರಿಯ:
ಮೊದಲು ವಚನದ ಮಾತು, ಕೆಡುವುದು ಅಲ್ಲೇ. ವಚನಕ್ಕೆ ಪಲ್ಲವಿ ಇಲ್ಲ. ಆದರೂ ಭಜನೆಯ ರೂಢಿಯಂತೆ ಮೊದಲ ಸಾಲನ್ನೇ ಪಲ್ಲವಿ ಮಾಡಿಕೊಂಡು ತಿರುತಿರುಗಿ ಅಲ್ಲಿಗೇ ಬರುತ್ತಾರೆ. ಇದು ಕನಸಿನ ವಚನ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಕಾಣುತ್ತವೆ, ಅಂದರೆ ಮದುವೆಯ ಸಾಮಾನು. ಜಡೆಯ ಗೊರವ (ಶೈವ ಭಿಕ್ಷುಕ) ಭಿಕ್ಷೆಗೆ ಬರುತ್ತಾನೆ, ಮೀರಿ ಹೋಗುವವನ ಬೆನ್ನುಹತ್ತಿ ಕೈ ಹಿಡಿಯುತ್ತಾಳೆ, ಅವನು ಚೆನ್ನಮಲ್ಲಿಕಾರ್ಜುನ ಎಂದು ಕಂಡು ಕಣ್ಣು ತೆರೆಯುತ್ತಾಳೆ. ಅದಾದ ಮೇಲೆ ಮತ್ತೆ 'ಕನಸ ಕಂಡೆ' ಎಂದರೆ ಎದ್ದವಳನ್ನು ಮತ್ತೆ ಮಲಗಿಸಿದ ಹಾಗೆ! 'ಕಣ್ದೆರೆದೆನು' ಎಂದಲ್ಲಿಗೆ ನಿಲ್ಲಿಸಿ. ಒಬ್ಬರೇ ಹಾಡಲಿ, ಶ್ರುತಿ ಬಿಟ್ಟರೆ ಏನೂ ಬೇಡ. ಗೊರವನ ಸಾಲು ಮುಗಿದಾಗ ಒಂದು ಉಸಿರು ತಡೆದು, ಬೆನ್ನುಹತ್ತುವ ಸಾಲನ್ನು ಮೇಲಕ್ಕೆತ್ತಿ. ಮೂರು ನಿಮಿಷ ಸಾಕು.

ದಾಸರ ಪದದ ದಾರಿಯೇ ಬೇರೆ. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರಾರು ಎಂದು ಕನಕದಾಸರು ಚರಣದಲ್ಲಿ ಕೇಳುತ್ತಾರೆ, ಉತ್ತರ ಪಲ್ಲವಿಯಲ್ಲಿದೆ. ಹಾಗಾಗಿ ಚರಣ ಒಬ್ಬರಿಗೆ, ಪಲ್ಲವಿ ಎಲ್ಲರಿಗೂ. ಹೊತ್ತು ಸಾಲದಿದ್ದರೆ ನಡುವಿನ ಚರಣ ಬಿಡಿ. ಅಂಕಿತ (ರಚಿಸಿದವರ ಮುದ್ರೆಯ ಹೆಸರು) ಬರುವ ಕೊನೆಯ ಚರಣವನ್ನು ಮಾತ್ರ ಬಿಡಬೇಡಿ.

ಶ್ರುತಿಪೆಟ್ಟಿಗೆ:
ಶ್ರುತಿಯನ್ನು ಐದು ಮನೆಗಿಟ್ಟರೆ (ಹಾರ್ಮೋನಿಯಂನ ಐದನೆಯ ಬಿಳಿ ಮನೆ, G) ಹೆಂಗಸರಿಗೆ ಸಲೀಸು. ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಬೇಕು, ಮಂದ್ರದ (ಕೆಳಗಿನ ಸ್ಥಾಯಿಯ) ಸ್ವರ ಬಂದಾಗ ಗೊಣಗಿದಂತೆ ಕೇಳುತ್ತದೆ. ಒಂದು ಮನೆಗಿಟ್ಟರೆ (C) ಗಂಡಸರಿಗೆ ಸರಿ, ಹೆಂಗಸರು ತಾರ ಗಾಂಧಾರಕ್ಕೆ (ಮೇಲಿನ ಸ್ಥಾಯಿಯ ಗ) ಕಿರುಚುತ್ತಾರೆ. ಒಟ್ಟಿಗೆ ಹಾಡುವುದಕ್ಕೆ ಒಂದು ಮನೆಯೇ ಇರಲಿ, ತಾರ ಷಡ್ಜ ದಾಟದ ಧಾಟಿ ಆರಿಸಿಕೊಳ್ಳಿ. ವಚನ ಹಾಡುವವರು ಹೆಂಗಸಾದರೆ ಐದು ಮನೆಗೆ ಹೋಗಬಹುದು: ಒಂದು ಮನೆಯ ಪಂಚಮವೇ (ಪ) ಅಲ್ಲಿ ಷಡ್ಜ (ಸ), ಕಿವಿಗೆ ಎಡವುವುದಿಲ್ಲ. ಸಂಜೆ ಅಭ್ಯಾಸದಲ್ಲಿ ಎಟುಕಿದ ಸ್ವರ ಡಿಸೆಂಬರ್ ಚಳಿಯ ಬೆಳಗ್ಗೆ ಎಟುಕುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಓಟಕ್ಕೆ ಕಾರಣ ಸಾಮಾನ್ಯವಾಗಿ ಢೋಲಕ್‌. ಚರಣ ಮುಗಿಯುವಾಗ ತುಂಬಿಸಿ ಬಾರಿಸುತ್ತಾರೆ, ಚಪ್ಪಾಳೆಯವರು ಅದರ ಹಿಂದೆ ಓಡುತ್ತಾರೆ, ಪಲ್ಲವಿ ಒಂದಿಷ್ಟು ಜೋರಾಗಿಯೇ ಬರುತ್ತದೆ. ನಾಲ್ಕು ಚರಣಕ್ಕೆ ನಡೆಯೇ ಬದಲು. ತಾಳ ಒಂದೇ ಜೊತೆ ಇಡಿ, ಆ ತಾಳ ಹಿಡಿದವರು ಹಾಡಬಾರದು. ಆದಿತಾಳದ ಎಂಟು ಅಕ್ಷರವನ್ನು ಮೆಟ್ರೊನೋಮ್ ಆ್ಯಪಿನಲ್ಲಿ ನಿಮಿಷಕ್ಕೆ 70–75ಕ್ಕಿಟ್ಟು ಅಭ್ಯಾಸ ಮಾಡಿ. ತುಂಬಿಸುವುದು ಕೊನೆಯ ಚರಣಕ್ಕೆ ಮಾತ್ರ.

ಗೆಜ್ಜೆತಾಳ:
ಉಪಯೋಗವಾಯಿತು. ವಚನವನ್ನೇ ಮೊದಲಿಗಿಡಬಹುದೇ? ಆರಕ್ಕೇ ಶುರು ಮಾಡುವವರಿದ್ದೇವೆ.

ಅಂಕಿತಪ್ರಿಯ:
ಬೇಡ. ಶುರುವಿನಲ್ಲಿ ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ ಇರುತ್ತಾರೆ, ಗಂಟೆ ಹೊಡೆಯುತ್ತಾರೆ. ಗಣಪತಿ ಸ್ತುತಿ ಆದಮೇಲೆ 'ನಂಬಿ ಕೆಟ್ಟವರಿಲ್ಲವೋ' ಇಡಿ, ಬಂದವರೂ ದನಿಗೂಡಿಸುತ್ತಾರೆ. ಅದಕ್ಕೂ ಮುಂಚೆ ಅದೇ ರಾಗದಲ್ಲಿ ತಾಳವಿಲ್ಲದ ಉಗಾಭೋಗ (ಪಲ್ಲವಿ, ಚರಣಗಳಿಲ್ಲದ ದಾಸರ ಕಿರುರಚನೆ) ಒಂದಿದ್ದರೆ ಶ್ರುತಿ ಕೂರುತ್ತದೆ. ನಡುವೆ ವಚನ, ಆಮೇಲೆ ಕನಕದಾಸರು, ಕೊನೆಗೆ ನಾಮಸಂಕೀರ್ತನೆ. ಓಡಬೇಕೆನ್ನುವವರು ಅಲ್ಲಿ ಓಡಲಿ. ವಚನ ಮುಗಿದ ತಕ್ಷಣ ಯಾರೂ ಜಯಕಾರ ಕೂಗಕೂಡದು ಎಂದು ಮೊದಲೇ ಹೇಳಿಡಿ.

ಬೆಳಗಿನಪೂಜೆ:
ಮೈಕ್ ವಿಚಾರ: ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಆರಕ್ಕೆ ಮುಂಚೆ ಮೈಕ್ ಪರೀಕ್ಷೆಯೂ ಬೇಡ, ಅಕ್ಕಪಕ್ಕದವರು ದೂರು ಕೊಡುತ್ತಾರೆ.

ಶ್ರುತಿಪೆಟ್ಟಿಗೆ:
ಇನ್ನೊಂದು. ವಚನವನ್ನು ಹಿಂದೋಳದಲ್ಲಿ ಹಾಡುವುದಾದರೆ ತಂಬೂರಿ ಆ್ಯಪನ್ನು ಪಂಚಮದಿಂದ ಮಧ್ಯಮಕ್ಕೆ ಬದಲಿಸಿ. ಆ ರಾಗದಲ್ಲಿ ಪಂಚಮವೇ ಇಲ್ಲ, ಹಾಗೇ ಬಿಟ್ಟರೆ ಪೂರ್ತಿ ಹೊತ್ತು ಕರಕರೆ.